ಕುರ್ಚಿ ಬಿಟ್ಟ ದಿನ ರಾಜಕಾರಣಿಯಾದ ಅಧಿಕಾರಿ

(ಮಡಿಕೇರಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಾಡುವಾಗ ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯ ಸೇರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಇಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತಿರುವ ಹೆಚ್ಚಿನವರ ಮನೆಯಲ್ಲಿ ಒಂದಾದರೂ ಎಲ್‌ಐಸಿ ಪಾಲಿಸಿ ಇರುತ್ತದೆ. ಸ್ಟೇಟ್ ಬ್ಯಾಂಕಿನಲ್ಲಿ ಒಂದು ಖಾತೆಯೂ ಇರುತ್ತದೆ. ಈ ಎರಡೂ ಹುಟ್ಟಿದ್ದು ಒಬ್ಬರೇ ಹಣಕಾಸು ಮಂತ್ರಿಯ ಕೈಯಿಂದ. ಅವರ ಹೆಸರು ಚಿಂತಾಮಣಿ ದ್ವಾರಕಾನಾಥ ದೇಶ್‌ಮುಖ್, ಎಲ್ಲರೂ ಬರೆಯುವ ಹಾಗೆ ಸಿ.ಡಿ. ದೇಶ್‌ಮುಖ್. ಮೂವತ್ತು ವರ್ಷ ಸರ್ಕಾರಿ ಅಧಿಕಾರಿ, ಆಮೇಲೆ ಆರು ವರ್ಷ ಕೇಂದ್ರ ಮಂತ್ರಿ. 1956ರಲ್ಲಿ ರಾಜೀನಾಮೆ ಕೊಟ್ಟು ಹೊರಗೆ ಬಂದರು. ಯಾವ ಕಾನೂನಿನ ವಿಚಾರವಾಗಿ ಅವರು ರಾಜೀನಾಮೆ ಕೊಟ್ಟರೋ, ಅದೇ ಕಾನೂನಿನಿಂದ ನಮ್ಮ ಕೊಡಗು ಒಂದು ರಾಜ್ಯವಾಗಿ ಇರುವುದು ನಿಂತಿತು. ಹಾಗಾಗಿ ಮಡಿಕೇರಿಯಲ್ಲಿ ನಿಂತು ಅವರ ಬಗ್ಗೆ ಮಾತಾಡೋಣ ಅನ್ನಿಸಿತು.

ದೇಶ್‌ಮುಖ್ ಹುಟ್ಟಿದ್ದು 1896ರ ಜನವರಿ 14ರಂದು, ಕೊಂಕಣದ ಮಹಾಡ ಹತ್ತಿರದ ನಾಟೆ ಎಂಬಲ್ಲಿ. ಶಿವಾಜಿಯ ರಾಯಗಡ ಇರುವ ಸೀಮೆ ಅದು. ಅಪ್ಪ ವಕೀಲರು. ಹುಡುಗ 1912ರ ಮೆಟ್ರಿಕ್‌ನಲ್ಲಿ ಇಡೀ ಬಾಂಬೆ ವಿಶ್ವವಿದ್ಯಾಲಯಕ್ಕೆ ಮೊದಲನೆಯವನು, ಜೊತೆಗೆ ಸಂಸ್ಕೃತಕ್ಕೆ ಕೊಡುವ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನವೂ ಅವನಿಗೇ. ಕೇಂಬ್ರಿಡ್ಜ್‌ಗೆ ಹೋಗಿ ಓದಿದ್ದು ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ. ಸಸ್ಯಶಾಸ್ತ್ರದಲ್ಲಿ ಬಹುಮಾನವೂ ಬಂತು. 1918ರಲ್ಲಿ ಐಸಿಎಸ್, ಅಂದರೆ ಬ್ರಿಟಿಷರ ಕಾಲದ ಇಂಡಿಯನ್ ಸಿವಿಲ್ ಸರ್ವಿಸ್ ಪರೀಕ್ಷೆ ಬರೆದು ಅಲ್ಲೂ ಮೊದಲ ಸ್ಥಾನ. ಆಗ ಆ ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು, ಭಾರತದಲ್ಲಿ ಶುರುವಾಗಿದ್ದು 1922ರಲ್ಲಿ. ರ‍್ಯಾಂಕಿನ ಮಾತು ಇಷ್ಟಕ್ಕೇ ಸಾಕು. ಮೊದಲ ರ‍್ಯಾಂಕ್ ತೆಗೆದವರು ಪ್ರತಿ ವರ್ಷ ಇರುತ್ತಾರೆ.

ಅವರನ್ನು ಹಾಕಿದ್ದು ಮಧ್ಯ ಪ್ರಾಂತ ಮತ್ತು ಬೇರಾರಿಗೆ. ಅಲ್ಲಿ ಜಿಲ್ಲೆಯ ಡೆಪ್ಯುಟಿ ಕಮಿಷನರ್ ಆದರು, ಜಮೀನಿನ ಕಂದಾಯ ನಿಗದಿ ಮಾಡುವ ಸೆಟ್ಲ್‌ಮೆಂಟ್ ಅಧಿಕಾರಿ ಆದರು, ಕಂದಾಯ ಕಾರ್ಯದರ್ಶಿ, ಹಣಕಾಸು ಕಾರ್ಯದರ್ಶಿ ಆದರು. ಇದರಲ್ಲಿ ಸೆಟ್ಲ್‌ಮೆಂಟ್ ಕೆಲಸದ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅದು ಏನು ಅಂತ ಕೊಡಗಿನವರಿಗೆ ವಿವರಿಸುವ ಅಗತ್ಯ ಜಾಸ್ತಿ ಇಲ್ಲ. ಜಮ್ಮಾ (ವಂಶಪಾರಂಪರ್ಯದ ಜಮೀನು), ಸಾಗು (ಪೂರ್ತಿ ಕಂದಾಯದ ಜಮೀನು), ಬಾಣೆ (ಗದ್ದೆಗೆ ಸೇರಿದ ಕಾಡು ಜಾಗ), ಪೈಸಾರಿ (ಸರ್ಕಾರದ ಪಾಳು ಜಾಗ), 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಇವೆಲ್ಲ ನಾವು ಊಟದ ಹೊತ್ತಿಗೂ ಮಾತಾಡುವ ವಿಷಯ. ಜಮ್ಮಾ ಗದ್ದೆಗೆ ಯಾಕೆ ಅರ್ಧ ಕಂದಾಯ, ಅದಕ್ಕೆ ಸೇರಿದ ಬಾಣೆಯ ಮರ ಯಾರದ್ದು, ಆರ್‌ಟಿಸಿಯಲ್ಲಿ ಯಾವ ಕಾಲಂನಲ್ಲಿ ಯಾರ ಹೆಸರು ಅಂತ ಇವತ್ತಿಗೂ ಅಲೆದಾಟ ಇದೆ ಅಲ್ವಾ? ಎಂದೋ ಒಬ್ಬ ಅಧಿಕಾರಿ ಊರೂರು ತಿರುಗಿ, ನಕ್ಷೆ ನೋಡಿ, ಮಣ್ಣಿಗೆ ದರ್ಜೆ ಕಟ್ಟಿ, ಪುಸ್ತಕದಲ್ಲಿ ಬರೆದ ಒಂದು ಸಾಲು ಮೊಮ್ಮಕ್ಕಳ ಕಾಲದವರೆಗೂ ಬರುತ್ತದೆ. ದೇಶ್‌ಮುಖ್ ರಾಯಪುರದ ಕಡೆ ಮಾಡಿದ್ದು ಇದೇ ಕೆಲಸ. ಬರೆದದ್ದಕ್ಕೆ ಎಷ್ಟು ತೂಕ ಇದೆ, ಯಾರನ್ನು ಕೇಳಿ ಬರೆದೆ ಅನ್ನುವುದಕ್ಕೆ ಎಷ್ಟು ತೂಕ ಇದೆ ಅನ್ನುವುದು ಅಂಥ ಕೆಲಸ ಮಾಡಿದವರಿಗೆ ಮೈಗಂಟಿರುತ್ತದೆ. ಮುಂದೆ ಮಂತ್ರಿಮಂಡಲದಲ್ಲಿ ಅವರು ಜಗಳ ತೆಗೆದದ್ದೂ ಇದೇ ವಿಷಯಕ್ಕೆ, ಯಾರನ್ನು ಕೇಳಿ ತೀರ್ಮಾನ ಮಾಡಿದಿರಿ ಅಂತ.

1939ರಲ್ಲಿ ಅವರನ್ನು ರಿಸರ್ವ್ ಬ್ಯಾಂಕಿಗೆ ಕಳಿಸಿದರು. ಮೊದಲು ಕಾರ್ಯದರ್ಶಿ, 1941ರಲ್ಲಿ ಡೆಪ್ಯುಟಿ ಗವರ್ನರ್. 1943ರಲ್ಲಿ ಗವರ್ನರ್ ಜೇಮ್ಸ್ ಟೇಲರ್ ತೀರಿಕೊಂಡರು, ಆ ವರ್ಷ ಆಗಸ್ಟಿನಲ್ಲಿ ದೇಶ್‌ಮುಖ್ ಗವರ್ನರ್ ಆದರು. ಆ ಕುರ್ಚಿಯಲ್ಲಿ ಕೂತ ಮೊದಲ ಭಾರತೀಯ. ಮರುವರ್ಷ ಬ್ರೆಟನ್ ವುಡ್ಸ್ ಸಮ್ಮೇಳನ. ಐಎಂಎಫ್, ವಿಶ್ವಬ್ಯಾಂಕ್ ಎರಡಕ್ಕೂ ಅಡಿಪಾಯ ಬಿದ್ದ ಜಾಗ ಅದು. ಭಾರತದ ನಿಯೋಗದಲ್ಲಿ ಇವರೂ ಇದ್ದರು. ಯುದ್ಧದ ಖರ್ಚಿಗೆ ಭಾರತದಿಂದ ತೆಗೆದುಕೊಂಡದ್ದಕ್ಕೆ ಬ್ರಿಟನ್ ಕೊಡಬೇಕಾಗಿದ್ದ ಸಾಲ, ಸ್ಟರ್ಲಿಂಗ್ ಬಾಕಿ ಅಂತಾರಲ್ಲ, ಅದನ್ನು ಆ ಸಮ್ಮೇಳನದಲ್ಲಿ ಚರ್ಚಿಸಬೇಕು ಅಂತ ನಮ್ಮವರು ಪಟ್ಟು ಹಿಡಿದರು. ಅದು ನಮ್ಮಿಬ್ಬರ ನಡುವಿನ ವಿಷಯ ಅಂತ ಬ್ರಿಟನ್ ಪರವಾಗಿ ಅರ್ಥಶಾಸ್ತ್ರಜ್ಞ ಕೇನ್ಸ್ ಪಕ್ಕಕ್ಕೆ ಸರಿಸಿದರು. ಯೋಚನೆ ಮಾಡಿ, ಆಳುವ ದೇಶ ಸಾಲಗಾರ, ಆಳಿಸಿಕೊಳ್ಳುವ ದೇಶ ಸಾಲ ಕೊಟ್ಟದ್ದು, ಕೇಳಲು ಹೋದವರಲ್ಲಿ ಒಬ್ಬರು ಅದೇ ಆಳುವವರ ಸಂಬಳದ ಅಧಿಕಾರಿ.

1949ರ ಜನವರಿ 1ರಂದು ರಿಸರ್ವ್ ಬ್ಯಾಂಕಿನ ರಾಷ್ಟ್ರೀಕರಣ ಆಯಿತು, ಗವರ್ನರ್ ದೇಶ್‌ಮುಖ್. ಎರಡೇ ವಾರ ಕಳೆದು ಜನವರಿ 15ರಂದು ನಮ್ಮ ಕಾರ್ಯಪ್ಪನವರು ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದರು. ಇಬ್ಬರೂ ಬ್ರಿಟಿಷರ ಕೈಕೆಳಗೆ ಬೆಳೆದವರು, ಇಬ್ಬರೂ ಮೊದಲ ಭಾರತೀಯರು. ಕಾರ್ಯಪ್ಪನವರೂ ಮುಂದೆ 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತರು, ಸೋತರು. ಅದನ್ನು ನಮ್ಮಲ್ಲಿ ಯಾರೂ ಜಾಸ್ತಿ ನೆನೆಯುವುದಿಲ್ಲ.

ಇನ್ನು ರಾಜಕೀಯಕ್ಕೆ ಬಂದ ಕತೆ. ದೇಶ್‌ಮುಖ್ ರಾಜಕೀಯಕ್ಕೆ ನಡೆದುಕೊಂಡು ಬಂದವರಲ್ಲ, ಕರೆಸಿಕೊಂಡವರು. 1949ರ ಜೂನ್ ಕೊನೆಗೆ ರಿಸರ್ವ್ ಬ್ಯಾಂಕ್ ಬಿಟ್ಟರು. 1950ರಲ್ಲಿ ನೆಹರೂ ಅವರನ್ನು ಹೊಸ ಯೋಜನಾ ಆಯೋಗಕ್ಕೆ ಸೇರಿಸಿಕೊಂಡರು. ಅದೇ ಆಯೋಗದ ವಿಚಾರದಲ್ಲಿ ಭಿನ್ನಾಭಿಪ್ರಾಯ ಬಂದು ಹಣಕಾಸು ಮಂತ್ರಿ ಜಾನ್ ಮಥಾಯ್ ರಾಜೀನಾಮೆ ಕೊಟ್ಟಾಗ ಆ ಖಾತೆ ಇವರಿಗೆ ಬಂತು. ಜೈಲಿಗೆ ಹೋದವರಲ್ಲ, ಚಳವಳಿಯಲ್ಲಿ ಇದ್ದವರಲ್ಲ. ಇಡೀ ದೇಶ ಜೈಲು ತುಂಬುತ್ತಿದ್ದ ಕಾಲದಲ್ಲಿ ಇವರು ಸರ್ಕಾರದ ಕಡೆ ಇದ್ದವರು, 1944ರಲ್ಲಿ ‘ಸರ್’ ಪದವಿ ಪಡೆದವರು. ಸುಭಾಷ್ ಚಂದ್ರ ಬೋಸ್ ಐಸಿಎಸ್ ಪಾಸಾಗಿಯೂ 1921ರಲ್ಲಿ ಬಿಟ್ಟುಬಂದರು, ದೇಶ್‌ಮುಖ್ ಬಿಡಲಿಲ್ಲ. ಈ ವ್ಯತ್ಯಾಸವನ್ನು ಮುಚ್ಚಿಟ್ಟು ಅವರನ್ನು ಹೊಗಳುವುದು ನನಗೆ ಇಷ್ಟವಿಲ್ಲ.

1952ರಲ್ಲಿ ಕೊಲಾಬಾ, ಅಂದರೆ ಈಗಿನ ರಾಯಗಡ ಜಿಲ್ಲೆಯಿಂದ ಕಾಂಗ್ರೆಸ್ ಟಿಕೆಟ್ ಮೇಲೆ ಗೆದ್ದು ಲೋಕಸಭೆಗೆ ಬಂದರು. ಮೊದಲು ಮಂತ್ರಿ, ಆಮೇಲೆ ಮತದಾರರ ಮುಂದೆ. ನಮ್ಮಲ್ಲಿ ನಡೆದದ್ದು ಇದಕ್ಕೆ ಉಲ್ಟಾ. 1834ರಿಂದ ಕೊಡಗನ್ನು ಆಳಿದ್ದು ಅಧಿಕಾರಿಗಳು. 1924ರಲ್ಲಿ ಒಂದು ಶಾಸನ ಪರಿಷತ್ತು ಬಂತಾದರೂ ಮೇಲೆ ಚೀಫ್ ಕಮಿಷನರ್ ಇದ್ದೇ ಇದ್ದರು. ನಮ್ಮ ಅಜ್ಜಂದಿರ ಕಾಲದಲ್ಲಿ ಸರ್ಕಾರ ಅಂದರೆ ಸಾಹೇಬರು. 1952ರಲ್ಲಿ ಮೊದಲ ಸಲ ಎಲ್ಲರೂ ಮತ ಹಾಕಿ 24 ಜನರ ವಿಧಾನಸಭೆ ಆರಿಸಿದರು. ಕಾಂಗ್ರೆಸ್ಸಿಗೆ 15, ಕೊಡಗು ಬೇರೆ ರಾಜ್ಯಕ್ಕೆ ಸೇರುವುದು ಬೇಡ ಅಂದ ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಗುಂಪಿಗೆ 9. ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡಿದ್ದ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಜೊತೆಗೆ ಕುಟ್ಟೂರು ಮಲ್ಲಪ್ಪ ಇನ್ನೊಬ್ಬ ಮಂತ್ರಿ. ಇಬ್ಬರೇ ಮಂತ್ರಿಗಳ ಸರ್ಕಾರ! ಹೀಗೆ ಅದೇ ವರ್ಷ ದೆಹಲಿಯಲ್ಲಿ ಒಬ್ಬ ಅಧಿಕಾರಿ ರಾಜಕಾರಣಿ ಆಗುತ್ತಿದ್ದರೆ, ಮಡಿಕೇರಿಯಲ್ಲಿ ಹೋರಾಟಗಾರರು ಫೈಲು ನೋಡುವುದನ್ನು ಕಲಿಯುತ್ತಿದ್ದರು.

ಮಂತ್ರಿಯಾಗಿ ದೇಶ್‌ಮುಖ್ ಮಾಡಿದ್ದರಲ್ಲಿ ನನಗೆ ದೊಡ್ಡದಾಗಿ ಕಾಣುವುದು ಎರಡು. ಆಗ ಹಳ್ಳಿಯ ಸಾಲದ ಬಗ್ಗೆ ದೇಶದಾದ್ಯಂತ ಒಂದು ಸಮೀಕ್ಷೆ ನಡೆದಿತ್ತು, ಮುಂದಾಳು ಎ.ಡಿ. ಗೋರ್‌ವಾಲಾ, ಅವರೂ ಹಳೆಯ ಐಸಿಎಸ್. ರೈತ ಮಾಡುವ ಸಾಲದಲ್ಲಿ ಸಹಕಾರ ಸಂಘದ ಪಾಲು ಶೇ 3.1, ವಾಣಿಜ್ಯ ಬ್ಯಾಂಕುಗಳ ಪಾಲು ಶೇ 0.9, ಲೇವಾದೇವಿಯವರದ್ದು ಸುಮಾರು ಶೇ 70 ಅಂತ ಅದರಲ್ಲಿ ಗೊತ್ತಾಯಿತು. ಬ್ಯಾಂಕ್ ಅನ್ನುವುದು ರೈತನ ಬದುಕಿನಲ್ಲಿ ಇರಲೇ ಇಲ್ಲ. ಆ ವರದಿಯ ಫಲವಾಗಿ 1955ರ ಜುಲೈ 1ರಂದು ಇಂಪೀರಿಯಲ್ ಬ್ಯಾಂಕ್ ಹೋಗಿ ಸ್ಟೇಟ್ ಬ್ಯಾಂಕ್ ಬಂತು, ಸಣ್ಣ ಊರುಗಳಲ್ಲಿ ಶಾಖೆ ತೆರೆಯುವ ಹೊಣೆಯೊಂದಿಗೆ. ಕಾಫಿ ಕೊಯ್ಲಿಗೆ ಮೊದಲು ಸಹಕಾರ ಸಂಘದಲ್ಲಿ ಫಸಲು ಸಾಲ ಎತ್ತುವ ನಮಗೆ ಇದರ ಬೆಲೆ ಗೊತ್ತು.

ಇನ್ನೊಂದು ವಿಮೆ. ಖಾಸಗಿ ಜೀವ ವಿಮಾ ಕಂಪನಿಗಳಲ್ಲಿ ಪಾಲಿಸಿದಾರರ ದುಡ್ಡನ್ನು ಮಾಲೀಕರು ತಮ್ಮ ಬೇರೆ ವ್ಯವಹಾರಕ್ಕೆ ತಿರುಗಿಸಿದ ಉದಾಹರಣೆಗಳು ಇದ್ದವು. ಮುಂಚೆಯೇ ಸುದ್ದಿ ಹೊರಬಿದ್ದರೆ ದುಡ್ಡು ಖಾಲಿಯಾಗುತ್ತದೆ, ಅದಕ್ಕೆ ತಯಾರಿಯೆಲ್ಲ ಗುಟ್ಟಾಗಿಯೇ ನಡೆಯಿತು. 1956ರ ಜನವರಿ 19ರಂದು ಸುಗ್ರೀವಾಜ್ಞೆ. ಅಂದು ಸಂಜೆ ದೇಶ್‌ಮುಖ್ ರೇಡಿಯೋದಲ್ಲಿ ಮಾತಾಡಿದರು. ಒಟ್ಟು 245 ಸಂಸ್ಥೆಗಳ ಆಡಳಿತ ಸರ್ಕಾರದ ಕೈಗೆ ಬಂತು, ಭಾರತದ 154 ಕಂಪನಿ, ವಿದೇಶದ 16, ಪ್ರಾವಿಡೆಂಟ್ ಸೊಸೈಟಿಗಳು 75. ಸೆಪ್ಟೆಂಬರ್ 1ಕ್ಕೆ ಎಲ್‌ಐಸಿ ಶುರುವಾಯಿತು. ಅಷ್ಟರಲ್ಲಿ ದೇಶ್‌ಮುಖ್ ಮಂತ್ರಿಯಾಗಿ ಉಳಿದಿರಲಿಲ್ಲ.

ಅದಕ್ಕೆ ಬರುವ ಮುಂಚೆ ದುರ್ಗಾಬಾಯಿ ಅವರ ಮಾತು ಹೇಳದೆ ಹೋಗಲಾರೆ. ದೇಶ್‌ಮುಖ್ ಅವರ ಮೊದಲ ಹೆಂಡತಿ ರೊಸಿನಾ ಇಂಗ್ಲಿಷರು, 1949ರಲ್ಲಿ ತೀರಿಕೊಂಡರು. 1953ರ ಜನವರಿಯಲ್ಲಿ ದೇಶ್‌ಮುಖ್ ಮದುವೆಯಾದದ್ದು ಆಂಧ್ರದ ದುರ್ಗಾಬಾಯಿಯವರನ್ನು. ಉಪ್ಪಿನ ಸತ್ಯಾಗ್ರಹದಲ್ಲಿ ಜೈಲಿಗೆ ಹೋದವರು, ಸಂವಿಧಾನ ಸಭೆಯ ಸದಸ್ಯೆ, ಯೋಜನಾ ಆಯೋಗದಲ್ಲಿ ಇವರ ಸಹೋದ್ಯೋಗಿ. 1923ರ ಕಾಕಿನಾಡ ಕಾಂಗ್ರೆಸ್ ಅಧಿವೇಶನದಲ್ಲಿ ಖಾದಿ ಪ್ರದರ್ಶನದ ಬಾಗಿಲಲ್ಲಿ ಸ್ವಯಂಸೇವಕಿಯಾಗಿ ನಿಂತಿದ್ದ ಹುಡುಗಿ ಇವರು. ಟಿಕೆಟ್ ಇಲ್ಲದೆ ಬಂದ ನೆಹರೂ ಅವರನ್ನು ಒಳಗೆ ಬಿಡಲಿಲ್ಲ, ಟಿಕೆಟ್ ತಂದ ಮೇಲೆಯೇ ಬಿಟ್ಟದ್ದು. ಮೂವತ್ತು ವರ್ಷ ಆದಮೇಲೆ ಅವರ ಮದುವೆಗೆ ಸಾಕ್ಷಿ ಹಾಕಿದವರು ಅದೇ ನೆಹರೂ. ಇಂಥ ಮನೆಯಲ್ಲಿ ದಿನಾ ಊಟಕ್ಕೆ ಕೂತು ಮಾತಾಡಿದ್ದು ಆ ಹಳೆಯ ಐಸಿಎಸ್ ಅಧಿಕಾರಿಯನ್ನು ಬದಲಾಯಿಸಿರಲೇಬೇಕು ಅಂತ ನನಗನ್ನಿಸುತ್ತದೆ. ಇದು ನನ್ನ ಊಹೆ.

ಈಗ 1956. ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಅವರ ರಾಜ್ಯ ಪುನರ್ವಿಂಗಡಣಾ ಆಯೋಗ ಹಿಂದಿನ ವರ್ಷವೇ ವರದಿ ಕೊಟ್ಟಿತ್ತು. ಕೊಡಗು ಕರ್ನಾಟಕಕ್ಕೆ ಸೇರಬೇಕು ಅಂತ ಹೇಳಿದ್ದು ಅದೇ ವರದಿ. ಮರಾಠಿ ಮಾತಾಡುವವರಿಗೆಲ್ಲ ಸೇರಿ ಒಂದು ರಾಜ್ಯ ಸಿಗಲಿಲ್ಲ. ಮುಂಬೈ ನಗರ ಯಾರಿಗೆ ಅನ್ನುವ ಜಗಳ ಮುಗಿಯಲಿಲ್ಲ. ಜನವರಿ 16ರಂದು ನೆಹರೂ ರೇಡಿಯೋದಲ್ಲಿ ಮುಂಬೈ ಕೇಂದ್ರದ ಆಡಳಿತಕ್ಕೆ ಬರುತ್ತದೆ ಅಂತ ಘೋಷಿಸಿದರು. ನಗರದಲ್ಲಿ ಗಲಭೆ ಎದ್ದಿತು. ಪೊಲೀಸರು ಗುಂಡು ಹಾರಿಸಿದರು, ತುಂಬಾ ಜನ ಸತ್ತರು. ಆಗ ಬಾಂಬೆಯ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ. ಅವರೂ ಒಂದು ಕಾಲಕ್ಕೆ ಡೆಪ್ಯುಟಿ ಕಲೆಕ್ಟರ್, 1930ರಲ್ಲಿ ಕೆಲಸ ಬಿಟ್ಟು ಚಳವಳಿಗೆ ಬಂದವರು. ಅಧಿಕಾರಿ ಆಗಿದ್ದು ರಾಜಕೀಯಕ್ಕೆ ಬಂದ ಇಬ್ಬರು ಒಂದೇ ನಗರದ ಪ್ರಶ್ನೆಯಲ್ಲಿ ಎದುರುಬದುರು ನಿಂತ ಹಾಗಾಯಿತು.

ದಿನಾಂಕ ಗಮನಿಸಿ. 16ಕ್ಕೆ ನೆಹರೂ ಘೋಷಣೆ, 19ಕ್ಕೆ ವಿಮೆಯ ಸುಗ್ರೀವಾಜ್ಞೆ. ಆ ಜನವರಿಯಲ್ಲೇ ದೇಶ್‌ಮುಖ್ ರಾಜೀನಾಮೆ ಪತ್ರ ಕೊಟ್ಟರು. ನೆಹರೂ ಕೂಡಲೇ ಒಪ್ಪಿಕೊಳ್ಳಲಿಲ್ಲ. ಬಜೆಟ್ ಮುಗಿಯಿತು, ಬೇಸಿಗೆ ಕಳೆಯಿತು. ಸಮಾಧಾನ ಆಗಲಿಲ್ಲ. ಜುಲೈ 25ರಂದು ಲೋಕಸಭೆಯಲ್ಲಿ ಎದ್ದುನಿಂತು ಯಾಕೆ ಬಿಡುತ್ತಿದ್ದೇನೆ ಅಂತ ಹೇಳಿದರು. ಮುಂಬೈ ಮಹಾರಾಷ್ಟ್ರದ್ದು ಅನ್ನುವ ಭಾವನೆ ಅವರಿಗೆ ಇದ್ದೇ ಇತ್ತು, ಅವರು ಗೆದ್ದುಬಂದ ಕೊಲಾಬಾ ಮುಂಬೈಯ ಎದುರು ದಡ. ಆದರೆ ಅವರ ದೊಡ್ಡ ತಕರಾರು ಬೇರೆ. ಇಷ್ಟು ದೊಡ್ಡ ತೀರ್ಮಾನ ಮಂತ್ರಿಮಂಡಲದ ಮುಂದೆ ಚರ್ಚೆಗೇ ಬರಲಿಲ್ಲ, ಪ್ರಧಾನಿ ಹೋಗಿ ಘೋಷಿಸಿಬಿಟ್ಟರು, ಸಂವಿಧಾನ ಹೇಳುವ ಆಡಳಿತ ಇದಲ್ಲ ಅಂತ. ಗೋಲಿಬಾರಿನ ಬಗ್ಗೆ ನ್ಯಾಯಾಂಗ ತನಿಖೆ ಮಾಡಲು ಒಪ್ಪದೆ ಇದ್ದದ್ದಕ್ಕೂ ಕಟುವಾಗಿ ಮಾತಾಡಿದರು, ಮಹಾರಾಷ್ಟ್ರದ ಮೇಲೆ ದ್ವೇಷ ಇದೆ ಅನ್ನುವ ಮಟ್ಟಕ್ಕೆ. ನೆಹರೂ ಈ ಆರೋಪಗಳನ್ನು ಒಪ್ಪಲಿಲ್ಲ.

ನನ್ನ ಪ್ರಕಾರ ದೇಶ್‌ಮುಖ್ ರಾಜಕಾರಣಿ ಆದದ್ದು ಆ ದಿನ. ಅಲ್ಲಿವರೆಗೆ ಅವರು ಮಂತ್ರಿಯ ಕುರ್ಚಿಯಲ್ಲಿ ಕೂತ ಒಳ್ಳೆಯ ಅಧಿಕಾರಿ. ಅಧಿಕಾರಿಗೆ ಒಂದು ನಿಯಮ ಇದೆ, ತನ್ನ ಅಭಿಪ್ರಾಯ ಫೈಲಿನಲ್ಲಿ ಬರೆಯಬಹುದು, ಮೇಲಿನವರು ಬೇರೆ ತೀರ್ಮಾನ ಮಾಡಿದರೆ ಅದನ್ನೇ ಜಾರಿ ಮಾಡಬೇಕು. ಮೂವತ್ತು ವರ್ಷ ಹಾಗೇ ಬದುಕಿದವರು ಆ ದಿನ ನನ್ನನ್ನು ಕಳಿಸಿದ ಜನರಿಗೆ ಏನು ಉತ್ತರ ಕೊಡಲಿ ಅಂತ ಕೇಳಿದರು. ಇಲ್ಲಿ ಒಂದು ವಿಷಯ ಹೇಳಬೇಕು, ಅವರು ಬಳಸಿದ ಆಯುಧ ಹಳೆಯ ಅಧಿಕಾರಿಯದ್ದೇ. ಯಾವ ಸಭೆಯಲ್ಲಿ, ಯಾವ ದಿನ, ಯಾರ ಮುಂದೆ ಈ ವಿಷಯ ಬಂತು? ಘೋಷಣೆ ಕೂಗಲಿಲ್ಲ, ನಡಾವಳಿ ಕೇಳಿದರು. ರಾಜಕೀಯಕ್ಕೆ ಅಧಿಕಾರಿಗಳು ತರಬಹುದಾದ ಅತಿ ಬೆಲೆಯುಳ್ಳ ವಸ್ತು ಇದು ಅಂತ ನಾನು ನಂಬುತ್ತೇನೆ. ಚುರುಕಾಗಿ ಕೆಲಸ ಮಾಡುವವರು ಬೇರೆ ಕಡೆಯೂ ಸಿಗುತ್ತಾರೆ.

ರಾಜೀನಾಮೆ ಆದಮೇಲೆ ಆಗಸ್ಟಿನಲ್ಲಿ ಸಂಸತ್ತು ದೊಡ್ಡ ದ್ವಿಭಾಷಾ ಬಾಂಬೆ ರಾಜ್ಯಕ್ಕೆ ಒಪ್ಪಿತು, ಮುಂಬೈ ಕೇಂದ್ರಾಡಳಿತಕ್ಕೆ ಹೋಗಲಿಲ್ಲ. ನವೆಂಬರ್ 1ಕ್ಕೆ ಕೊಡಗು ಮೈಸೂರಿಗೆ ಸೇರಿತು. ಮಹಾರಾಷ್ಟ್ರ ಆಗಲು 1960ರ ಮೇ 1ರವರೆಗೆ ಕಾಯಬೇಕಾಯಿತು, ಅಷ್ಟರೊಳಗೆ ಆ ಚಳವಳಿಯಲ್ಲಿ ನೂರಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡಿದ್ದರು.

ಮುಂದಿನ ಬದುಕನ್ನು ಬೇಗ ಹೇಳುತ್ತೇನೆ. ನೆಹರೂ ಮನಸ್ಸಿನಲ್ಲಿ ಕಹಿ ಇಟ್ಟುಕೊಳ್ಳಲಿಲ್ಲ, ಅದೇ ವರ್ಷ ಅವರನ್ನು ಯುಜಿಸಿ ಅಧ್ಯಕ್ಷರನ್ನಾಗಿ ಮಾಡಿದರು. ಲೋಕಸಭೆಯಲ್ಲಿ ಎದುರಿಗೇ ಬೈದವನಿಗೆ ದೇಶದ ವಿಶ್ವವಿದ್ಯಾಲಯಗಳನ್ನು ಒಪ್ಪಿಸುವ ದೊಡ್ಡತನ ಈಗ ಎಲ್ಲಿ ಹುಡುಕುವುದು? 1959ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ. ಅದೇ ವರ್ಷ ಮೇಲಿನ ಹಂತದ ಭ್ರಷ್ಟಾಚಾರದ ದೂರುಗಳನ್ನು ವಿಚಾರಿಸಲು ಸ್ವತಂತ್ರ ಮಂಡಳಿ ಬೇಕು ಅಂದರು, ಸರ್ಕಾರ ಒಪ್ಪಲಿಲ್ಲ. ಅವರು ಹುಟ್ಟುಹಾಕಿದ ಎಲ್‌ಐಸಿಯ ದುಡ್ಡನ್ನು ಉದ್ಯಮಿ ಮುಂದ್ರಾ ಅವರ ಕಂಪನಿಗಳಲ್ಲಿ ಹಾಕಿದ ಹಗರಣದಲ್ಲಿ, ಅವರ ಜಾಗಕ್ಕೆ ಬಂದ ಟಿ.ಟಿ. ಕೃಷ್ಣಮಾಚಾರಿ 1958ರಲ್ಲೇ ಮಂತ್ರಿ ಪದವಿ ಕಳೆದುಕೊಂಡಿದ್ದರು. ಹಾಗಾಗಿ ದೇಶ್‌ಮುಖ್ ಅವರ ಮಾತು ಸುಮ್ನೆ ಗಾಳಿಯಲ್ಲಿ ಬಂದದ್ದಲ್ಲ. 1962ರಿಂದ 67ರವರೆಗೆ ದೆಹಲಿ ವಿಶ್ವವಿದ್ಯಾಲಯದ ಕುಲಪತಿ. ನಡುನಡುವೆ ಸಂಸ್ಕೃತದಲ್ಲಿ ಪದ್ಯ ಬರೆದರು, ಮೇಘದೂತವನ್ನು ಮರಾಠಿಗೆ ತಂದರು.

1969ರಲ್ಲಿ ರಾಷ್ಟ್ರಪತಿ ಚುನಾವಣೆಗೆ ನಿಂತರು. ಬೆಂಬಲಿಸಿದ್ದು ಸ್ವತಂತ್ರ ಪಕ್ಷ ಮತ್ತು ಜನಸಂಘ. ಮೊದಲ ಎಣಿಕೆಯಲ್ಲಿ ವಿ.ವಿ. ಗಿರಿಗೆ 4,01,515, ಸಂಜೀವ ರೆಡ್ಡಿಗೆ 3,13,548, ದೇಶ್‌ಮುಖ್‌ಗೆ 1,12,769. ಈ ಹೆಜ್ಜೆ ನನಗೆ ಒಪ್ಪಿಗೆಯಾಗಿಲ್ಲ. ಜೀವ ವಿಮೆಯನ್ನು ರಾಷ್ಟ್ರೀಕರಣ ಮಾಡಿದವರು, ರಾಷ್ಟ್ರೀಕರಣವನ್ನೇ ವಿರೋಧಿಸುವ ಪಕ್ಷದ ಅಭ್ಯರ್ಥಿ ಆದರು, ಅದೂ 14 ಬ್ಯಾಂಕುಗಳ ರಾಷ್ಟ್ರೀಕರಣ ಆದ ಹೊತ್ತಿನಲ್ಲೇ. 1956ರಲ್ಲಿ ಅವರ ನಿಲುವು ಏನು ಅಂತ ಯಾರಿಗಾದರೂ ಅರ್ಥ ಆಗುತ್ತಿತ್ತು, 1969ರಲ್ಲಿ ಹಾಗಿರಲಿಲ್ಲ. 1975ರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಪದ್ಮವಿಭೂಷಣ ಬಂತು. 1981ರಲ್ಲಿ ದುರ್ಗಾಬಾಯಿ ಹೋದರು, 1982ರ ಅಕ್ಟೋಬರ್ 2ರಂದು ಹೈದರಾಬಾದಿನಲ್ಲಿ ಇವರು.

ಈಗಿನ ಕಾಲಕ್ಕೆ ಬರೋಣ. ಪಕ್ಕದ ಮಂಗಳೂರಿನಲ್ಲಿ ಡಿಸಿ ಆಗಿದ್ದ ಸಸಿಕಾಂತ್ ಸೆಂಥಿಲ್ 2019ರಲ್ಲಿ ಕೆಲಸ ಬಿಟ್ಟರು, ಕಾಂಗ್ರೆಸ್ ಸೇರಿ 2024ರಲ್ಲಿ ತಮಿಳುನಾಡಿನ ತಿರುವಳ್ಳೂರಿನಿಂದ ಸಂಸದರಾದರು. ಚಿಕ್ಕಮಗಳೂರಿನಲ್ಲಿ ಎಸ್‌ಪಿ ಆಗಿದ್ದ ಅಣ್ಣಾಮಲೈ ಅದೇ 2019ರಲ್ಲಿ ಬಿಟ್ಟು ಬಿಜೆಪಿ ಸೇರಿದರು. ಎರಡೂ ಕಡೆ ಇದ್ದಾರೆ ನೋಡಿ. ಸೇವೆಯಲ್ಲಿ ಇರುವಾಗ ಪಕ್ಷ ಸೇರುವ ಹಾಗಿಲ್ಲ, ಬಿಟ್ಟ ಮರುದಿನ ಸೇರಬಹುದು. ನಿವೃತ್ತಿಯಾಗಿ 1 ವರ್ಷದೊಳಗೆ ಖಾಸಗಿ ಕಂಪನಿ ಸೇರಲು ಸರ್ಕಾರದ ಅನುಮತಿ ಬೇಕು, ಚುನಾವಣೆಗೆ ನಿಲ್ಲಲು ಯಾವ ಕಾಯುವಿಕೆಯೂ ಇಲ್ಲ. 2022ರಲ್ಲಿ ಇದರ ಬಗ್ಗೆ ಬಂದ ಅರ್ಜಿಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ಅದು ಶಾಸಕಾಂಗಕ್ಕೆ ಬಿಟ್ಟದ್ದು ಅಂತ. ಸ್ವಲ್ಪ ಅಂತರ ಇರಬೇಕು ಅನ್ನುವವನು ನಾನು. ನಾಳೆ ಯಾವ ಪಕ್ಷದ ಟಿಕೆಟ್ ಬೇಕೋ ಆ ಪಕ್ಷದವರ ಅರ್ಜಿಯನ್ನು ಇವತ್ತು ಹೇಗೆ ನೋಡುತ್ತಾನೆ ಅನ್ನುವ ಅನುಮಾನ ಜನರಿಗೆ ಬರಬಾರದು. ಹಾಗಂತ ನೋಡಿದರೆ ದೇಶ್‌ಮುಖ್ ಅವರೂ ರಿಸರ್ವ್ ಬ್ಯಾಂಕ್ ಬಿಟ್ಟು ವರ್ಷ ತುಂಬುವ ಮೊದಲೇ ಮಂತ್ರಿ ಆದವರು. ಅವರನ್ನು ಇಷ್ಟಪಡುತ್ತೇನೆ ಅಂತ ನಿಯಮವನ್ನು ಬದಲಿಸುವುದಿಲ್ಲ, ಅವರೂ ಕಾಯಬೇಕಿತ್ತು.

ಇನ್ನು ಪ್ರಶ್ನೆಗಳು.

ಕೆಎಎಸ್‌ಗೆ ಓದುತ್ತಿರುವ ಒಬ್ಬಳು ತಂಗಿ ಕೇಳಿದಳು, ಕೊನೆಗೆ ರಾಜಕೀಯಕ್ಕೇ ಬರಬೇಕು ಅಂತಿದ್ದರೆ ನೇರವಾಗಿ ಬರುವುದು ಒಳ್ಳೆಯದಲ್ವಾ ಅಂತ. ಹೌದು, ನೇರವಾಗಿ ಬಾ ಅಂದೆ. ಗ್ರಾಮ ಪಂಚಾಯಿತಿಗೆ ನಿಲ್ಲು. ಅಧಿಕಾರಿ ಆಗುವುದಾದರೆ ಅದನ್ನೇ ಪೂರ್ತಿ ಮಾಡು. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಹೆಂಗಸರು ಮದುವೆಗೆ ಸರ್ಕಾರದ ಅನುಮತಿ ಕೇಳಬೇಕು ಅನ್ನುವಂಥ ನಿಯಮಗಳ ವಿರುದ್ಧ ಸೇವೆಯ ಒಳಗೇ ಇದ್ದು ಸುಪ್ರೀಂ ಕೋರ್ಟಿಗೆ ಹೋದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ನಿಯಮಗಳನ್ನು ಟೀಕಿಸಿದರು. ಅದಕ್ಕೆ ಅವರು ಯಾವ ಪಕ್ಷವನ್ನೂ ಸೇರಬೇಕಾಗಲಿಲ್ಲ.

ಕೊನೆಗೆ ಒಬ್ಬ ಹಿರಿಯರು ಎದ್ದರು. “ಮುಂಬೈಗೆ ರಾಜೀನಾಮೆ ಕೊಡಲು ದೇಶ್‌ಮುಖ್ ಇದ್ದರು. ನಮ್ಮ ಕೊಡಗಿಗೆ ಯಾರಿದ್ದರಪ್ಪಾ?” ಅಂದರು. ಸಭೆಯಲ್ಲಿ ತುಂಬಾ ಜನ ತಲೆ ಆಡಿಸಿದರು. ನಾನು ಕೊಟ್ಟ ಉತ್ತರ ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ ಅನ್ನಿಸುತ್ತದೆ, ಆದರೂ ಬರೆಯುತ್ತೇನೆ. ನಮಗೂ ಇದ್ದರು. ವಿಲೀನ ಬೇಡ ಅಂದ ಬೆಳ್ಳಿಯಪ್ಪನವರ 9 ಜನ ಇದ್ದರು. ಮುಂಬೈಗೂ ನಮಗೂ ಒಂದು ವ್ಯತ್ಯಾಸ ಏನೆಂದರೆ, ಇಲ್ಲಿ ಆ ಪ್ರಶ್ನೆ 1952ರ ಚುನಾವಣೆಯಲ್ಲೇ ಜನರ ಮುಂದೆ ಬಂದಿತ್ತು, ಇಲ್ಲಿನ ಸದನದಲ್ಲಿ ಮಾತಾಗಿತ್ತು. ಪೂಣಚ್ಚನವರ ಸರ್ಕಾರ ವಿಲೀನಕ್ಕೆ ಒಪ್ಪಿತು, ಅವರು ಮೈಸೂರು ಸರ್ಕಾರದಲ್ಲಿ ಮಂತ್ರಿಯಾದರು, ಆಮೇಲೆ ಕೇಂದ್ರದಲ್ಲಿ ರೈಲ್ವೆ ಮಂತ್ರಿಯೂ ಆದರು. 24 ಜನ ಶಾಸಕರಿದ್ದ ಕೊಡಗಿಗೆ ಈಗ ಇರುವುದು ಮಡಿಕೇರಿ, ವಿರಾಜಪೇಟೆ ಎರಡೇ ಕ್ಷೇತ್ರ. ಆ ನೋವು ನಿಜ, ಅದನ್ನು ಅಲ್ಲಗಳೆಯುವುದಿಲ್ಲ ಅಂದೆ. ಆದರೆ ಆ ನಾಲ್ಕು ವರ್ಷ ನಮ್ಮ ವಿಧಾನಸಭೆಯಲ್ಲಿ ಎರಡೂ ಕಡೆಯವರು ಏನು ವಾದ ಮಾಡಿದರು ಅಂತ ನಮ್ಮ ಮಕ್ಕಳಿಗೆ ಒಂದು ಸಾಲೂ ಗೊತ್ತಿಲ್ಲ. ಆ ನಡಾವಳಿಗಳನ್ನು ಕಾಲೇಜುಗಳಲ್ಲಿ ಓದಿಸಬೇಕು, ಚರ್ಚೆ ಮಾಡಿಸಬೇಕು. ಹಿರಿಯರು ಕೂತುಕೊಳ್ಳುವ ಮೊದಲು ಹೇಳಿದ್ದು ಇಷ್ಟೇ, “ಹಾಗಾದ್ರೆ ಮುಂದಿನ ಸಲ ಬೆಳ್ಳಿಯಪ್ಪನವರ ಬಗ್ಗೆ ಮಾತಾಡಿ.” ಒಪ್ಪಿಕೊಂಡಿದ್ದೇನೆ.